ಎಲೆಕ್ಟ್ರಾನ್ ಸುತ್ತಿಸೋಕೆ ಯಾವ ವಿಧಾನ? ಆಯ್ಲರ್, ರುಂಗೆ-ಕುಟ್ಟ, ಬೋರಿಸ್

ಕಲಬುರಗಿಯಲ್ಲಿ ಬಿಎಸ್ಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರಾಜೆಕ್ಟ್ ಸಮಯ ಬಂದರೆ ಯಾರಾದರೂ ಒಬ್ಬರು ಇದೇ ವಿಷಯ ಹಿಡಿದುಕೊಂಡು ಬರುತ್ತಾರೆ: ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಇರುವ ಕಡೆ ಎಲೆಕ್ಟ್ರಾನ್ ಹೇಗೆ ಓಡುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸಬೇಕು. ಈ ಎರಡು ಕ್ಷೇತ್ರಗಳು ಚಾರ್ಜಿನ ಮೇಲೆ ಹಾಕುವ ಬಲ, ಅಂದರೆ ಲೊರೆಂಟ್ಸ್ ಬಲ, ಅದರ ಸೂತ್ರ ಒಂದೇ ಸಾಲು, ಎಲ್ಲರಿಗೂ ಬಾಯಿಪಾಠ. ತಕರಾರು ಇರುವುದು ಆ ಸೂತ್ರ ಇಟ್ಟುಕೊಂಡು ಕಾಲದಲ್ಲಿ ಒಂದೊಂದೇ ಸಣ್ಣ ಹೆಜ್ಜೆ ಹೇಗೆ ಮುಂದೆ ಹೋಗಬೇಕು ಅನ್ನುವುದರಲ್ಲಿ. ಮೂರು ವಿಧಾನಗಳನ್ನೂ ಒಂದೇ ಲೆಕ್ಕದ ಮೇಲೆ ಓಡಿಸಿ ನೋಡಿದ್ದೇನೆ.

ಲೆಕ್ಕ ಇದು. 1 ಮಿಲಿಟೆಸ್ಲಾ ಕಾಂತಕ್ಷೇತ್ರ, ಅದಕ್ಕೆ ಅಡ್ಡಲಾಗಿ ಸೆಕೆಂಡಿಗೆ 10 ಲಕ್ಷ ಮೀಟರ್ ವೇಗದಲ್ಲಿ ಓಡುವ ಎಲೆಕ್ಟ್ರಾನ್. ಅದು ಸುತ್ತುವ ವೃತ್ತದ ತ್ರಿಜ್ಯ ಸುಮಾರು 5.7 ಮಿಲಿಮೀಟರ್. ಒಂದು ಸುತ್ತಿಗೆ ಸುಮಾರು 36 ನ್ಯಾನೊಸೆಕೆಂಡ್. ಗೊತ್ತಿಲ್ಲದೆ ಹೆಜ್ಜೆಯನ್ನು 1 ಮೈಕ್ರೊಸೆಕೆಂಡ್ ಇಟ್ಟರೆ ಒಂದೇ ಹೆಜ್ಜೆಯಲ್ಲಿ 28 ಸುತ್ತು ಹಾರಿಹೋಗುತ್ತದೆ. ಆಮೇಲೆ ಗ್ರಾಫ್ ನೋಡಿ ತಲೆ ಕೆರೆದುಕೊಳ್ಳಬೇಕು, ಅಷ್ಟೆ. ಅದಕ್ಕೇ ನಾನು ಚಾರ್ಜ್, ದ್ರವ್ಯರಾಶಿ, ಕಾಂತಕ್ಷೇತ್ರ ಮೂರನ್ನೂ 1 ಅಂತ ಇಟ್ಟುಬಿಡುತ್ತೇನೆ. ಒಂದು ಸುತ್ತಿಗೆ 6.28 ಬರುತ್ತದೆ, ಸೊನ್ನೆಗಳ ಕಾಟ ಇಲ್ಲ.

ಮೊದಲು ಆಯ್ಲರ್: ಹೆಜ್ಜೆಯ ಶುರುವಿನ ಬಲವನ್ನೇ ಇಡೀ ಹೆಜ್ಜೆಗೂ ಹಿಡಿದು ಮುಂದೆ ಹೋಗುವುದು. ಸೇಡಂ, ಚಿತ್ತಾಪುರ ಕಡೆಯಿಂದ ಬಸ್ಸಿಗೆ ಬರುವ ಹುಡುಗರಲ್ಲಿ ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇರುವುದಿಲ್ಲ. ಆಯ್ಲರ್ ಆದರೆ ಫೋನಿನ ಸ್ಪ್ರೆಡ್‌ಶೀಟಿನಲ್ಲೇ ಆಗುತ್ತದೆ. ನಾಲ್ಕು ಕಾಲಂ, ಒಂದು ಸಾಲು ಬರೆದು ಕೆಳಗೆ ಎಳೆದರೆ ಮುಗೀತು. ಆದರೆ ವೃತ್ತ ಮುಚ್ಚುವುದಿಲ್ಲ. ಸುತ್ತಿಗೆ 100 ಹೆಜ್ಜೆ ಇಟ್ಟರೂ ಒಂದೇ ಸುತ್ತಿನಲ್ಲಿ ತ್ರಿಜ್ಯ 22%, ಶಕ್ತಿ 48% ಜಾಸ್ತಿ ಆಗುತ್ತದೆ. ರೊಟ್ಟಿ ಬಡಿದಂತೆ, ತಿರುಗಿದಷ್ಟೂ ಅಗಲ. 1000 ಹೆಜ್ಜೆ ಇಟ್ಟರೂ ಸುತ್ತಿಗೆ 4% ಶಕ್ತಿ ಏರುವುದು ತಪ್ಪುವುದಿಲ್ಲ.

"ಸರ, ಇದು ಹೊರಗ ಹೊಂಟದಲ್ರೀ, ಶಕ್ತಿ ಎಲ್ಲಿಂದ ಬಂತ್ರೀ?" ಅಂತ ಒಬ್ಬ ಕೇಳಿದ. ಕೇಳಬೇಕಾದ್ದೇ ಅದು. ಕಾಂತಬಲ ವೇಗಕ್ಕೆ ಯಾವಾಗಲೂ ಲಂಬ, ಅದು ಕೆಲಸ ಮಾಡುವುದಿಲ್ಲ ಅಂತ ಪಿಯುಸಿಯಲ್ಲೇ ಓದಿದ್ದೇವೆ, ಅಲ್ವಾ? ಆಯ್ಲರ್ ಆ ಲಂಬ ತುಂಡನ್ನು ಹಳೆಯ ವೇಗಕ್ಕೆ ಸುಮ್ನೆ ಕೂಡಿಸುತ್ತದೆ. ಲಂಬಕೋನ ತ್ರಿಭುಜದಲ್ಲಿ ಕರ್ಣವೇ ಉದ್ದ, ಹಾಗಾಗಿ ಹೊಸ ವೇಗ ಪ್ರತಿ ಸಲವೂ ಹಳೆಯದಕ್ಕಿಂತ ದೊಡ್ಡದು.

ಸ್ಪ್ರೆಡ್‌ಶೀಟ್ ಬಿಡಲಾರದವರಿಗೆ ಒಂದು ಉಪಾಯ ಇದೆ. ವೈ ದಿಕ್ಕಿನ ವೇಗದ ಸೂತ್ರದಲ್ಲಿ ಎಕ್ಸ್ ದಿಕ್ಕಿನ ವೇಗವನ್ನು ಮೇಲಿನ ಸಾಲಿನಿಂದ ತಗೋಬೇಡಿ, ಅದೇ ಸಾಲಿನ ಹೊಸ ಸೆಲ್ ಕೊಡಿ. ಬದಲಾವಣೆ ಇಷ್ಟೇ. ಶಕ್ತಿ ಏರುವುದು ನಿಲ್ಲುತ್ತದೆ. 100 ಹೆಜ್ಜೆಯಲ್ಲಿ ಸುಮಾರು 3% ಮೇಲೆ ಕೆಳಗೆ ಆಡುತ್ತದೆ, ಅಷ್ಟರಲ್ಲೇ ಇರುತ್ತದೆ. ಒಂದೇ ದಿಕ್ಕಿನ ಸಮ ಕಾಂತಕ್ಷೇತ್ರಕ್ಕೆ ಇದು ಸಾಕು. ಕ್ಷೇತ್ರದ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾದರೆ ನಂಬಬೇಡಿ.

ರುಂಗೆ-ಕುಟ್ಟ, ಅಂದರೆ ಒಂದೇ ಹೆಜ್ಜೆಯೊಳಗೆ ಬಲವನ್ನು ನಾಲ್ಕು ಸಲ ನೋಡಿ ಸರಾಸರಿ ತೆಗೆಯುವ ನಾಲ್ಕನೇ ದರ್ಜೆಯದು, ಪಠ್ಯಪುಸ್ತಕಗಳ ಮುದ್ದಿನ ಮಗ. ಮುದ್ದಿಗೆ ಕಾರಣವೂ ಇದೆ. ಸುತ್ತಿಗೆ ಬರೀ 20 ಹೆಜ್ಜೆ ಇಟ್ಟರೂ ಕೋನದ ತಪ್ಪು 0.03 ಡಿಗ್ರಿ. ಗ್ರಾಫಿನಲ್ಲಿ ವೃತ್ತ ಕೈವಾರದಲ್ಲಿ ಎಳೆದ ಹಾಗೆ ಬರುತ್ತದೆ. ಆದರೆ ಬಿಡದೆ ಓಡಿಸಿ ನೋಡಿ. ಸಾವಿರ ಸುತ್ತಿನ ಹೊತ್ತಿಗೆ ಶಕ್ತಿ 23% ಸೋರಿರುತ್ತದೆ, ವೃತ್ತ ಒಳಗೆ ಕುಗ್ಗಿರುತ್ತದೆ. ಆಯ್ಲರ್ ಕಣ್ಣೆದುರೇ ಕೆಡುತ್ತದೆ, ಇದು ಗೊತ್ತಾಗದಂತೆ ಕೆಡುತ್ತದೆ. ನನಗೆ ಎರಡನೆಯದರ ಭಯವೇ ಜಾಸ್ತಿ.

ಪೈಥಾನಿನ ಸೈಪೈ ಲೈಬ್ರರಿಯ ರೆಡಿಮೇಡ್ ಸಾಲ್ವರ್ (solve_ivp) ಬಳಸುವವರಿಗೂ ಇದೇ ಮಾತು. ನೀವೇನೂ ಹೇಳದಿದ್ದರೆ ಅದು ಸಾವಿರಕ್ಕೆ ಒಂದರಷ್ಟು ತಪ್ಪನ್ನು ಒಪ್ಪಿಕೊಂಡು ಓಡುತ್ತದೆ. ಆ ಮಿತಿಯನ್ನು ಬಿಗಿ ಮಾಡದೆ ಉದ್ದದ ಲೆಕ್ಕಕ್ಕೆ ಇಳಿಯಬೇಡಿ.

ಬೋರಿಸ್ ವಿಧಾನ 1970ರದ್ದು, ಹುಟ್ಟಿದ್ದು ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲದ ಸಿಮ್ಯುಲೇಶನ್‌ಗಾಗಿ. ಅಲ್ಲಿ ಇವತ್ತಿಗೂ ಅದರದೇ ಕಾರುಬಾರು. ಒಂದು ಹೆಜ್ಜೆಯಲ್ಲಿ ಮೂರು ಕೆಲಸ: ವಿದ್ಯುತ್ ಕ್ಷೇತ್ರದ ಅರ್ಧ ನೂಕು, ಕಾಂತಕ್ಷೇತ್ರದಿಂದ ಒಂದು ತಿರುವು, ಮತ್ತೆ ಉಳಿದರ್ಧ ನೂಕು. ತಿರುವಿನಲ್ಲಿ ವೇಗದ ದಿಕ್ಕು ಮಾತ್ರ ಬದಲಾಗುತ್ತದೆ, ಅಳತೆ ಬದಲಾಗುವುದೇ ಇಲ್ಲ. ಹಾಗಾಗಿ ಬರೀ ಕಾಂತಕ್ಷೇತ್ರ ಇದ್ದರೆ ಎಷ್ಟು ಸುತ್ತು ಹೋದರೂ ಶಕ್ತಿ ಇದ್ದಲ್ಲೇ ಇರುತ್ತದೆ.

ಕೋಡಿನಲ್ಲಿ ಹುಡುಗರು ಎಡವುವುದು ಒಂದೇ ಜಾಗದಲ್ಲಿ. ತಿರುವಿಗೆ ಎರಡು ಸಂಖ್ಯೆ ಬೇಕು: ಟಿ ಅಂದರೆ ಒಂದು ಹೆಜ್ಜೆಯ ಕೋನದ ಅರ್ಧ, ಎಸ್ ಅಂದರೆ 2ಟಿ ಭಾಗಿಸು (1 + ಟಿ²). ಆ ಭಾಗಾಕಾರ ಮರೆತು ಬರೀ 2ಟಿ ಬರೆದುಬಿಡುತ್ತಾರೆ. ಸುತ್ತಿಗೆ 100 ಹೆಜ್ಜೆ ಇದ್ದಾಗ ಏನೂ ಕಾಣುವುದಿಲ್ಲ. 20 ಹೆಜ್ಜೆಗೆ ಇಳಿಸಿ ನೋಡಿ, ಸುತ್ತಿಗೆ 5% ಶಕ್ತಿ ಏರಿದರೆ ಇದೇ ತಪ್ಪು.

ಬೋರಿಸ್‌ಗೂ ಕುಂದು ಇದೆ. ಅದು ನಿಧಾನ ತಿರುಗುತ್ತದೆ. 20 ಹೆಜ್ಜೆಯಲ್ಲಿ ಸುತ್ತಿಗೆ 2.9 ಡಿಗ್ರಿ ಹಿಂದೆ ಬೀಳುತ್ತದೆ, 123 ಸುತ್ತು ಆಗುವಷ್ಟರಲ್ಲಿ ಪೂರ್ತಿ ಒಂದು ಸುತ್ತು ಬಾಕಿ. ರುಂಗೆ-ಕುಟ್ಟ ಒಂದು ಹೆಜ್ಜೆಗೆ ಬಲವನ್ನು ನಾಲ್ಕು ಸಲ ಲೆಕ್ಕ ಹಾಕುತ್ತದೆ, ಬೋರಿಸ್ ಒಂದೇ ಸಲ. ಆ ಲೆಕ್ಕದಲ್ಲಿ ಬೋರಿಸ್‌ಗೆ 80 ಹೆಜ್ಜೆ ಕೊಟ್ಟು ಸಮ ಮಾಡಿದರೂ ತಪ್ಪು 0.18 ಡಿಗ್ರಿ ಉಳಿಯುತ್ತದೆ. ಕೋನದ ವಿಷಯದಲ್ಲಿ ರುಂಗೆ-ಕುಟ್ಟವೇ ಮುಂದೆ, ಒಪ್ಪಿಕೊಳ್ಳಬೇಕು.

ಮೊದಲಿನ 1 ಮಿಲಿಟೆಸ್ಲಾ ಕಾಂತಕ್ಷೇತ್ರಕ್ಕೆ ವಿದ್ಯುತ್ ಕ್ಷೇತ್ರವನ್ನೂ ಅಡ್ಡಲಾಗಿ ಸೇರಿಸಿದೆ, ಮೀಟರಿಗೆ 100 ವೋಲ್ಟ್. ಆಗ ಕಣ ಸುತ್ತುತ್ತಲೇ ಪಕ್ಕಕ್ಕೆ ಸೆಕೆಂಡಿಗೆ 1 ಲಕ್ಷ ಮೀಟರ್ ಜಾರಬೇಕು, ಚಾರ್ಜ್ ಯಾವುದೇ ಇರಲಿ. ಈ ಜಾರುವಿಕೆಯ ವೇಗ ಬೋರಿಸ್‌ನಲ್ಲಿ, ರುಂಗೆ-ಕುಟ್ಟದಲ್ಲಿ ಸರಿಯಾಗಿಯೇ ಬಂತು. ಆಯ್ಲರ್‌ನಲ್ಲಿ ಸುರುಳಿಗಳು ಉಬ್ಬಿ ಉಬ್ಬಿ ಅದನ್ನೇ ಮುಚ್ಚಿಹಾಕಿದವು.

ಹಾಗಾದರೆ ಯಾವುದು? ಎರಡು ತಟ್ಟೆಗಳ ನಡುವೆ ಒಂದೇ ಸಲ ದಾಟಿಹೋಗುವ ಎಲೆಕ್ಟ್ರಾನಿಗೆ ರುಂಗೆ-ಕುಟ್ಟ ಹಾಕಿ. ಕಾಂತ ಬಾಟಲಿ (ಕಣವನ್ನು ಕಾಂತಕ್ಷೇತ್ರದಲ್ಲೇ ಹಿಡಿದಿಡುವ ಏರ್ಪಾಡು), ಭೂಮಿಯ ಸುತ್ತಲಿನ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳಂಥ ಕಡೆ ಕಣ ಸಿಕ್ಕಿಬಿದ್ದು ಬಹಳ ಹೊತ್ತು ಸುತ್ತಬೇಕು. ಅಲ್ಲಿ ಬೋರಿಸ್ ಬಿಟ್ಟು ಬೇರೆ ಮುಟ್ಟಬೇಡಿ. ಶಕ್ತಿ ಸೋರಿದರೆ ಕಣ ತಪ್ಪಿಸಿಕೊಂಡಿದ್ದು ನಿಜವಾಗಿಯೋ ಲೆಕ್ಕದ ತಪ್ಪಿನಿಂದಲೋ ಅಂತ ಹೇಳೋಕೆ ಬರುವುದಿಲ್ಲ. ಬೆಳಕಿನ ವೇಗದ ಹತ್ತಿರ ಓಡುವ ಕಣ, ಎರಡೂ ಕ್ಷೇತ್ರ ಇವೆ ಅಂದರೆ ಬೋರಿಸ್ ಕೂಡ ಜಾರುವಿಕೆಯಲ್ಲಿ ತಪ್ಪುತ್ತದೆ. ಅದಕ್ಕೆ 2008ರಲ್ಲಿ ಬಂದ ವೇ ಅವರ ವಿಧಾನ ನೋಡಿ. ಬಿಎಸ್ಸಿ ಪ್ರಾಜೆಕ್ಟಿಗೆ ಅಷ್ಟು ದೂರ ಹೋಗುವುದು ಬೇಕಾಗಲ್ಲ.