ವಿಕ್ಟೋರಿಯಾ ತಾಮ್ರದ ಪೆನ್ನಿ ಲಾಟ್: ಮಾಲು ಪರವಾಗಿಲ್ಲ, ಫೋಟೊ ಅರ್ಧ

ಬ್ರಿಟನ್ನಿನ ಒಬ್ಬ ಡೀಲರ್ ಹತ್ತಿರ ಆನ್‌ಲೈನ್‌ನಲ್ಲಿ ವಿಕ್ಟೋರಿಯಾ ರಾಣಿ ಕಾಲದ ತಾಮ್ರದ ಪೆನ್ನಿಗಳ ಲಾಟ್, ಅಂದರೆ ಒಟ್ಟಿಗೆ ಮಾರುವ ಒಂದು ಗುಂಪು, ತರಿಸಿದ್ದೆ. ಹೆಸರು ಬೇಡ ಬಿಡಿ, ನಾನು ಹೇಳುವ ತೊಂದರೆ ಅವರೊಬ್ಬರದ್ದೇ ಅಲ್ಲ. 5ಕ್ಕೆ 3 ಸ್ಟಾರ್ ಕೊಡುತ್ತೇನೆ.

ಮಾಲು ಅಸಲಿ, ಅದರಲ್ಲಿ ಅನುಮಾನವಿಲ್ಲ. ತಕ್ಕಡಿಗೆ ಹಾಕಿದರೆ, ಸವೆದಿರುವುದನ್ನು ಬಿಟ್ಟು, ಎಲ್ಲವೂ 18.8 ಗ್ರಾಂ ಆಸುಪಾಸಿನಲ್ಲೇ ಇವೆ, ಅಗಲ 34 ಮಿಲಿಮೀಟರ್. ಒಂದು ಮಾತ್ರ ಅದರ ಅರ್ಧ ತೂಗಿತು. ನೋಡಿದರೆ 1862ರದ್ದು, ರಾಣಿಯ ಕೂದಲು ತುರುಬು ಕಟ್ಟಿರುವ, ಬನ್ ಹೆಡ್ ಅಂತ ಕರೀತಾರಲ್ಲ, ಆ ಬಗೆ. 1860ರಲ್ಲೇ ಪೆನ್ನಿ ತಾಮ್ರ ಬಿಟ್ಟು ಕಂಚಿಗೆ ಬಂದು, ತೂಕ 9.4 ಗ್ರಾಂಗೆ ಇಳಿದಿತ್ತು. ಕಂದು ಬಣ್ಣದ್ದೆಲ್ಲ ತಾಮ್ರ ಅಂತ ಲಾಟಿಗೆ ಸೇರಿಸುವವರು ಒಂದು ಸಲ ತೂಕವನ್ನಾದರೂ ನೋಡಬಾರದಾ?

ನನ್ನ ದೊಡ್ಡ ತಕರಾರು ಫೋಟೊದ್ದು. ಈ ಪೆನ್ನಿಗಳಲ್ಲಿ ಇಸವಿ ಇರುವುದು ರಾಣಿಯ ತಲೆಯ ಕೆಳಗೆ. ಡೀಲರ್ ಆ ಬದಿಯ ಫೋಟೊ ಮಾತ್ರ ಹಾಕಿ, ಇಸವಿ ಬರೆದು ಸುಮ್ಮನಾಗುತ್ತಾರೆ. ಆದರೆ ನಮ್ಮಂಥವರು ಹುಡುಕುವುದರಲ್ಲಿ ಅರ್ಧ ಇರುವುದು ಹಿಂಬದಿಯಲ್ಲಿ, ಬ್ರಿಟನ್ ದೇಶವನ್ನೇ ಹೆಣ್ಣಾಗಿ ತೋರಿಸುವ ಬ್ರಿಟಾನಿಯಾ ಕೂತಿರುವ ಕಡೆ. 1853ರ ಪೆನ್ನಿ ತೆಗೆದುಕೊಳ್ಳಿ. ಅವಳ ಕೈಯ ತ್ರಿಶೂಲದ ಮುಳ್ಳುಗಳ ಬುಡದಲ್ಲಿ ಅಲಂಕಾರ ಇದ್ದರೆ ಒಂದು ಬಗೆ, ಬೋಳಾಗಿದ್ದರೆ ಇನ್ನೊಂದು. ಬೋಳು ತ್ರಿಶೂಲದ 1853 ಸಿಗುವುದು ಕಡಿಮೆ. 1846, 1847ರವುಗಳಲ್ಲಿ ಅದೇ ಬದಿಯ ಅಂಚಿನ ಲ್ಯಾಟಿನ್ ಬರಹದಲ್ಲಿರುವ 'ಡೆಫ್' ಅಕ್ಷರಗಳ ಪಕ್ಕದ ಕೋಲನ್ (:) ಹತ್ತಿರ ಇದೆಯಾ ದೂರ ಇದೆಯಾ ಅಂತ ನೋಡಬೇಕು. 1841ರಲ್ಲಿ ಅದೇ ಬರಹದ 'ರೆಗ್' ಆದಮೇಲೆ ಕೋಲನ್ನೇ ಇಲ್ಲದವೂ ಇವೆ. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು, ಅನ್ನಿಸಲಿ. ಇವು ಯಾವುವೂ ತಲೆಯ ಬದಿಯ ಫೋಟೊದಲ್ಲಿ ಕಾಣುವುದಿಲ್ಲ, ಅಂದರೆ ದುಡ್ಡು ಕೊಟ್ಟು ಲಾಟರಿ ಆಡಿದ ಹಾಗೆ.

ಮುಂಬದಿಯಲ್ಲೂ ನೋಡಲು ಬೇಕಾದಷ್ಟಿದೆ ಅನ್ನೋದು ನಿಜ, ಆದರೆ ಅದಕ್ಕೆ ಹತ್ತಿರದಿಂದ ತೆಗೆದ ಫೋಟೊ ಬೇಕು. ಹೊಸ ವರ್ಷ ಬಂತು ಅಂತ ಚೆನ್ನಾಗಿರುವ ಅಚ್ಚನ್ನು ಎಸೆಯುತ್ತಿರಲಿಲ್ಲ, ಹಳೆಯ ಅಂಕಿಯ ಮೇಲೇ ಹೊಸದನ್ನು ಹೊಡೆಯುತ್ತಿದ್ದರು. ಹಾಗಾಗಿ 1848ರಲ್ಲಿ ಕೊನೆಯ 8ರ ಅಡಿಯಿಂದ 7 ಇಣುಕುತ್ತದೆ, ಅಪರೂಪಕ್ಕೆ 6. 1858ರಲ್ಲೂ 8ರ ಕೆಳಗೆ 7 ಇರುವುದು ಸಾಕಷ್ಟು ಸಿಗುತ್ತದೆ, 3 ಇರುವುದು ಕಡಿಮೆ. ಅದೇ 1858ರಲ್ಲಿ ಕತ್ತಿನ ಅಂಚಿನಲ್ಲಿ ರಾಣಿಯ ತಲೆ ಕೆತ್ತಿದ ವಿಲಿಯಂ ವಯನ್ ಅವರ ಹೆಸರಿನ ಮೊದಲಕ್ಷರಗಳಾದ 'ಡಬ್ಲ್ಯು ಡಬ್ಲ್ಯು' ಇದ್ದದ್ದೂ ಇದೆ, ಇಲ್ಲದ್ದೂ ಇದೆ. ನನ್ನ ಲಾಟಿನಲ್ಲಿ 7ರ ಮೇಲೆ 8 ಹೊಡೆದ 1858 ಒಂದು ಸಿಕ್ಕಿತು, ಪಟ್ಟಿಯಲ್ಲಿ ಅದನ್ನು ಬರೀ 1858 ಅಂತ ಹಾಕಿದ್ದರು. ಅಲ್ಲಿಗೆ ಅವರು ಭೂತಗನ್ನಡಿ ಹಿಡಿದೇ ಇಲ್ಲ ಅಂತಾಯ್ತು. ಈ ಸಲ ಅದು ನನಗೆ ಲಾಭ, ಇನ್ನೊಂದು ಸಲ ಇನ್ಯಾರಿಗೋ ನಷ್ಟ.

ಎರಡು ನಾಣ್ಯಗಳನ್ನು ಯಾರೋ ಉಜ್ಜಿ ಉಜ್ಜಿ ತೊಳೆದಿದ್ದಾರೆ, ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಥರ ಹೊಳೆಯುತ್ತಿವೆ. ಆ ಗುಲಾಬಿ ಹೊಳಪು ಬಂತು ಅಂದರೆ ಬೆಲೆ ಹೋಯಿತು ಅಂತಲೇ ಲೆಕ್ಕ. ಅದನ್ನು ವಿವರಣೆಯಲ್ಲಿ ಹೇಳಬೇಕಿತ್ತು, ಹೇಳಿಲ್ಲ. ಪ್ಯಾಕಿಂಗ್ ಗಟ್ಟಿಯಾಗಿತ್ತು, ಸರಿ, ಆದರೆ ಒಳಗೆ ಮೆತ್ತನೆಯ ಪಿವಿಸಿ ಕವರ್. ತಾಮ್ರಕ್ಕೆ ಅದು ಆಗಿಬರುವುದಿಲ್ಲ, ದಿನ ಹೋದ ಹಾಗೆ ಹಸಿರು ಅಂಟು ಬಿಡುತ್ತದೆ. ಬಂದ ತಕ್ಷಣ ತೆಗೆದು ಬೇರೆ ಕವರಿಗೆ ಹಾಕಿ.

ಬೆಲೆ ನ್ಯಾಯವಾಗಿತ್ತು. ಸಾಮಾನ್ಯ ಇಸವಿಗಳನ್ನು ಕೂಡಿಸಲು ಹೊರಟವರಿಗೆ ಈ ಲಾಟ್ ಸಾಕು. ಕೇಳಿದರೆ ಹಿಂಬದಿಯ ಫೋಟೊ ಕಳಿಸುತ್ತಾರೆ, ಉತ್ತರ ಸ್ವಲ್ಪ ನಿಧಾನ ಅಷ್ಟೇ. ಬಿಡಿಯಾಗಿ 1856 ತೆಗೆದುಕೊಳ್ಳುವವರು ಮಾತ್ರ ಆ ಫೋಟೊ ಬರುವ ತನಕ ದುಡ್ಡು ಕಟ್ಟಬೇಡಿ, ಆ ವರ್ಷದಲ್ಲಿ ಎರಡೂ ತ್ರಿಶೂಲ ಇವೆ, ಎರಡೂ ಸುಲಭಕ್ಕೆ ಸಿಗುವುದಿಲ್ಲ.