ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೂ ಪಾದದ ನೋವು ಹೋಗದಿದ್ದರೆ ಸುಮ್ನಿರಬೇಡಿ

ಏಣಿ ಮೇಲಿಂದ ಬಿದ್ದೆ. ಬಲಗಾಲು ಮೊದಲು ನೆಲಕ್ಕೆ ಬಡಿಯಿತು. ಪಾದ ಮೇಲಕ್ಕೆ ಮಡಚಿ, ಬೆರಳುಗಳು ಮೊಣಕಾಲಿನ ಕಡೆ ತಿರುಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಒಂದು ವಿಷಯವನ್ನು ನಾನು ಮೊದಲ ಡಾಕ್ಟರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಎರಡು ಎಕ್ಸ್‌ರೇ ತೆಗೆದರು. "ಮೂಳೆಗೆ ಏನೂ ಆಗಿಲ್ಲ, ಉಳುಕಿದೆ ಅಷ್ಟೇ. ಕ್ರೇಪ್ ಬ್ಯಾಂಡೇಜ್ ಕಟ್ಟಿಕೊಳ್ಳಿ, ಊತ ಇಳಿದ ಮೇಲೆ ನಿಧಾನಕ್ಕೆ ನಡೆಯಿರಿ" ಅಂದರು. ನಂಬಿದೆ. ಮೂರು ವಾರ ಹಲ್ಲು ಕಚ್ಚಿಕೊಂಡು ಓಡಾಡಿದೆ. ಉಳುಕಿನ ನೋವು ದಿನ ಕಳೆದಂತೆ ಇಳಿಯಬೇಕು ಅಲ್ವಾ? ನನ್ನದು ಇಳಿಯಲಿಲ್ಲ. ಮೆಟ್ಟಿಲು ಇಳಿಯುವಾಗ ಪಾದದ ಗಂಟಿನ ಒಳಗೆ, ತುಂಬಾ ಆಳದಲ್ಲಿ, ಯಾರೋ ಚುಚ್ಚಿದ ಹಾಗಾಗುತ್ತಿತ್ತು.

ಎರಡನೇ ಡಾಕ್ಟರು ಮೊದಲು ಕೇಳಿದ್ದೇ "ಬಿದ್ದಾಗ ಪಾದ ಯಾವ ಕಡೆ ಮಡಚಿತು?" ಅಂತ. ಹೇಳಿದೆ. ಗಂಟಿನ ಮುಂದೆ, ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಕಿರುಚಿಬಿಟ್ಟೆ. ಆವತ್ತೇ ಸಿಟಿ ಸ್ಕ್ಯಾನ್ ಮಾಡಿಸಿದರು. ಟೇಲಸ್ ಎಂಬ ಮೂಳೆಯ ಕತ್ತು (ಅದರ ತಲೆಗೂ ಮೈಗೂ ನಡುವಿನ ಕಿರಿದಾದ ಭಾಗ) ಮುರಿದಿತ್ತು. ಮುಂದಿನ ತುಂಡು ಜಾಗ ಬಿಟ್ಟು ಸರಿದಿತ್ತು. ಹಳೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅಲ್ಲೊಂದು ಕೂದಲೆಳೆಯಷ್ಟು ಗೆರೆ. ಅವತ್ತು ಬರೀ ಬಿರುಕಾಗಿದ್ದದ್ದು ನಾನು ನಡೆದೂ ನಡೆದೂ ಸರಿದಿರಬೇಕು ಅಂದರು.

ಟೇಲಸ್ ಅಂದರೆ ಕಾಲಿನ ಮೂಳೆಗೂ ಹಿಮ್ಮಡಿ ಮೂಳೆಗೂ ನಡುವೆ ಕೂತಿರುವ ಮೂಳೆ. ಮೈಭಾರವೆಲ್ಲ ಅದರ ಮೇಲೆಯೇ ಪಾದಕ್ಕೆ ಇಳಿಯುತ್ತೆ. ಅದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲ್ಮೈಯ ಅರ್ಧಕ್ಕಿಂತ ಜಾಸ್ತಿ ಭಾಗ ನುಣುಪಾದ ಮೃದ್ವಸ್ಥಿ. ಹಾಗಾಗಿ ರಕ್ತನಾಳ ಒಳಗೆ ಹೋಗಲು ಇರುವ ಜಾಗವೇ ಕಡಿಮೆ. ಕತ್ತು ಮುರಿದು ತುಂಡು ಸರಿದಷ್ಟೂ ಆ ನಾಳಗಳು ಹರಿಯುವ ಅಪಾಯ ಜಾಸ್ತಿ. ರಕ್ತ ನಿಂತರೆ ಮೂಳೆ ಒಳಗಿಂದ ಸತ್ತು ಕುಸಿಯಬಹುದು. ಹಾಕಿನ್ಸ್ ಎಂಬ ವೈದ್ಯರು 1970ರಲ್ಲಿ ಈ ಮುರಿತಗಳನ್ನು ವಿಂಗಡಿಸಿದ್ದೂ ತುಂಡು ಎಷ್ಟು ಸರಿದಿದೆ, ಯಾವ ಕೀಲು ತಪ್ಪಿದೆ ಎಂಬುದರ ಮೇಲೆಯೇ. ಸರಿಯದ ಬಿರುಕು ಮೊದಲ ಬಗೆ. ನನ್ನದು ಎರಡನೆಯದಕ್ಕೆ, ಅಂದರೆ ತುಂಡು ಸರಿದು ಹಿಮ್ಮಡಿ ಮೂಳೆಯ ಜೊತೆಗಿನ ಕೀಲು ತಪ್ಪಿದ ಬಗೆಗೆ, ಜಾರಿತ್ತು. ಮೊದಲ ದಿನವೇ ಗೊತ್ತಾಗಿದ್ದರೆ ಬರೀ ಪ್ಲಾಸ್ಟರಿನಲ್ಲಿ ಮುಗಿಯಬಹುದಿತ್ತು ಎನ್ನುವುದು ನನಗೆ ಈಗಲೂ ತಡೆಯಲಾಗದ ಸಂಕಟ.

ಆಪರೇಷನ್‌ನಲ್ಲಿ ಗಂಟಿನ ಎರಡೂ ಬದಿಯಲ್ಲಿ ಕೊಯ್ದರು. ಯಾಕೆ ಎರಡು ಅಂತ ಕೇಳಿದ್ದೆ. ಒಂದೇ ಕಡೆಯಿಂದ ನೋಡಿದರೆ ತುಂಡು ಸರಿಯಾಗಿ ಕೂತ ಹಾಗೇ ಕಾಣುತ್ತೆ, ಇನ್ನೊಂದು ಕಡೆ ತಿರುಚಿಕೊಂಡಿರುತ್ತೆ ಅಂದರು. ಒಳಬದಿಯಲ್ಲಿ ಮೂಳೆ ಪುಡಿಯಾಗಿತ್ತು. ಅಲ್ಲಿ ಸ್ಕ್ರೂ ಬಿಗಿದರೆ ಕತ್ತು ಗಿಡ್ಡವಾಗಿ ಪಾದ ಒಳಕ್ಕೆ ವಾಲುತ್ತೆ. ಅದಕ್ಕೇ ಹೊರಬದಿಗೆ ಚಿಕ್ಕ ಪ್ಲೇಟು, ಒಳಬದಿಗೆ ತುಂಡುಗಳನ್ನು ಬಿಗಿದು ಎಳೆಯದ ಹಾಗೆ ಒಂದು ಸ್ಕ್ರೂ. ಮೂರು ವಾರದಲ್ಲಿ ಮುರಿತದ ನಡುವೆ ತುಂಬಿಕೊಂಡಿದ್ದನ್ನೆಲ್ಲ ಕೆರೆದು ತೆಗೆಯುವುದಕ್ಕೇ ತುಂಬಾ ಹೊತ್ತು ಹಿಡಿಯಿತಂತೆ. ಆಮೇಲೆ 12 ವಾರ ಆ ಕಾಲು ನೆಲಕ್ಕೆ ಊರಲಿಲ್ಲ.

ಎಂಟನೇ ವಾರದ ಎಕ್ಸ್‌ರೇಗೆ ಕಾದಷ್ಟು ನಾನು ಇನ್ಯಾವುದಕ್ಕೂ ಕಾದಿಲ್ಲ. ಟೇಲಸ್ಸಿನ ಮೇಲ್ತುದಿಯ ಕೆಳಗೆ ತೆಳ್ಳಗೆ ಕಪ್ಪು ಗೆರೆ ಕಂಡರೆ ಒಳ್ಳೆಯದು. ರಕ್ತ ಓಡುತ್ತಿರುವ ಮೂಳೆ, ಭಾರ ಬೀಳದಿದ್ದಾಗ ಅಲ್ಲಿ ಸವೆಯುತ್ತೆ. ಸತ್ತ ಮೂಳೆ ಸವೆಯುವುದಿಲ್ಲ. ನನ್ನದರಲ್ಲಿ ಗೆರೆ ಒಳಬದಿಗೆ ಮಾತ್ರ ಇತ್ತು. ಹೊರಬದಿ ಬೆಳ್ಳಗೇ ಇತ್ತು.

ಬಿದ್ದಿದ್ದು ಎತ್ತರದಿಂದ, ಅಥವಾ ಗಾಡಿ ಅಪಘಾತದಲ್ಲಿ, ಕಾಲು ಊರಿ ನಾಲ್ಕು ಹೆಜ್ಜೆ ಇಡಲೂ ಆಗುತ್ತಿಲ್ಲ ಅಂದರೆ, ಎಕ್ಸ್‌ರೇ ಚೆನ್ನಾಗಿದೆ ಎಂಬ ಮಾತಿಗೆ ಎದ್ದು ಬರಬೇಡಿ. ಪಾದ ಹೇಗೆ ಮಡಚಿತು ಅಂತ ನೀವೇ ಹೇಳಿ. "ಟೇಲಸ್ ಮುರಿದಿರಬಹುದಾ? ಸಿಟಿ ಬೇಕಾ?" ಅಂತ ನೇರ ಕೇಳಿ. ಪಾದದ ಗಂಟಿನ ಹೊರಬದಿಯಲ್ಲಿ ಉಬ್ಬಿರುವ ಗುಬುಟಿನ ಕೆಳಗೆ, ಸ್ವಲ್ಪ ಮುಂದಕ್ಕೆ ನೋವಿದ್ದರೂ ಕೇಳಿ. ಟೇಲಸ್ಸಿನ ಹೊರಚಾಚು ಅಲ್ಲೇ ಇರುವುದು, ಅದರ ಮುರಿತವೂ ಉಳುಕಿನ ಹೆಸರಲ್ಲಿ ತಪ್ಪಿಹೋಗುತ್ತೆ. ಉತ್ತರ ಸಿಗುವ ತನಕ ಕಾಲು ಊರಬೇಡಿ. ಇನ್ನು ಪಾದ ಸೊಟ್ಟಗಾಗಿ ಚರ್ಮ ಬಿಗಿದು ಬೆಳ್ಳಗಾಗಿದ್ದರೆ ಒಂದು ಗಂಟೆಯೂ ತಡ ಮಾಡಬೇಡಿ. ಕೀಲು ತಪ್ಪಿರಬಹುದು, ಅದನ್ನು ತಕ್ಷಣ ಕೂರಿಸಬೇಕು.

ವರ್ಷವಾಯಿತು. ಸಮತಟ್ಟಾದ ನೆಲದಲ್ಲಿ ನಡೆಯುತ್ತೇನೆ. ಕಲ್ಲು, ಇಳಿಜಾರು ಸಿಕ್ಕರೆ ನಿಂತುಬಿಡುತ್ತೇನೆ. ಪಾದ ಅಕ್ಕಪಕ್ಕಕ್ಕೆ ವಾಲುವುದೇ ಇಲ್ಲ. ಹೊರಬದಿಯ ಮೂಳೆ ಇನ್ನೂ ಕುಸಿದಿಲ್ಲ. ಮೂರು ತಿಂಗಳಿಗೆ ಮತ್ತೆ ಎಂಆರ್‌ಐ ಇದೆ.