ಕಾಣೆಯಾದ ಪುಟಗಳಿಗೆ ನಾಲ್ಕು ಪರಿಹಾರಗಳು: ಬಳಸಿ ನೋಡಿದ ಮೇಲಿನ ಹೋಲಿಕೆ

ಲೇಖನಗಳ ತಾಣವೊಂದನ್ನು ಹಳೆಯ ತಂತ್ರಾಂಶದಿಂದ ವರ್ಡ್‌ಪ್ರೆಸ್‌ಗೆ ಸಾಗಿಸಿದಾಗ ಬಹುತೇಕ ಎಲ್ಲ ಪುಟಗಳ ವಿಳಾಸಗಳೂ ಬದಲಾದವು. ಅಲ್ಲಿಂದ ಮುಂದೆ ತಾಣವನ್ನು ಗೂಗಲ್ ಹೇಗೆ ಕಾಣುತ್ತದೆಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ 404 (‘ಪುಟ ಸಿಗಲಿಲ್ಲ’) ದೋಷಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಅದನ್ನು ಸರಿಪಡಿಸಲು ನಾಲ್ಕು ವಿಧಾನಗಳನ್ನು ಬಳಸಿದ್ದೇನೆ: ಕಾಣೆಯಾದ ಪ್ರತಿಯೊಂದು ವಿಳಾಸವನ್ನೂ ಮುಖಪುಟಕ್ಕೆ ಕಳುಹಿಸುವ, ಹಣ ಕೊಟ್ಟು ಕೊಂಡ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ), ಹುಡುಕುಪೆಟ್ಟಿಗೆಯಿರುವ ವಿಶೇಷ 404 ಪುಟ, ‘ಪುಟವನ್ನು ತೆಗೆಯಲಾಗಿದೆ’ ಎನ್ನುವ 410 ಸಂಕೇತ, ಪುಟಕ್ಕೆ ಪುಟ ಹೊಂದಿಸಿ ಬರೆದ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ನಿಯಮ). ಇವುಗಳಲ್ಲಿ ನಾನು ಮುಖ್ಯವಾಗಿ ಉಳಿಸಿಕೊಂಡಿರುವುದು ಕೊನೆಯದನ್ನು. ಅದರ ಜೊತೆಗೆ, ಬದಲಿ ಪುಟವಿಲ್ಲದ ವಿಳಾಸಗಳಿಗೆ ವಿಶೇಷ ಪುಟದೊಂದಿಗೆ 404 ಉತ್ತರವೇ ಹೋಗುವಂತೆ ಬಿಟ್ಟಿದ್ದೇನೆ.

ಪ್ಲಗಿನ್ ಹಾಕಿದ ಕೆಲವು ವಾರಗಳಲ್ಲಿ 404 ಪಟ್ಟಿ ಇಳಿಯಿತು. ಆದರೆ ಅದೇ ವರದಿಯಲ್ಲಿ ‘ಸಾಫ್ಟ್ 404’ ಎಂಬ ಇನ್ನೊಂದು ಪಟ್ಟಿ ಏರತೊಡಗಿತು. ಸಂಬಂಧವೇ ಇಲ್ಲದ ಹತ್ತಾರು ವಿಳಾಸಗಳು ಒಂದೇ ಮುಖಪುಟಕ್ಕೆ ಬಂದು ಸೇರಿದಾಗ, ಕೇಳಿದ ಪುಟ ಅಲ್ಲಿಲ್ಲವೆಂದೇ ಗೂಗಲ್ ಪರಿಗಣಿಸುತ್ತದೆ. ಹಾಗಾಗಿ ಹಳೆಯ ಲೇಖನಗಳಿಗೆ ಬೇರೆ ತಾಣಗಳು ಕೊಟ್ಟಿದ್ದ ಕೊಂಡಿಗಳಿಂದ ಹುಡುಕಾಟದಲ್ಲಿ ಸಿಗುವ ಬೆಲೆ ಹೊಸ ಲೇಖನಗಳಿಗೆ ವರ್ಗವಾಗಲಿಲ್ಲ. ಓದುಗರ ಪಾಡು ಇನ್ನೂ ಕಷ್ಟದ್ದು: ನಿರ್ದಿಷ್ಟ ಲೇಖನವನ್ನು ಹುಡುಕಿ ಬಂದವರು ಮುಖಪುಟ ತಲುಪಿ, ತಾವು ಒತ್ತಿದ ಕೊಂಡಿಗೂ ಈ ಪುಟಕ್ಕೂ ಏನು ಸಂಬಂಧವೆಂದು ತಿಳಿಯದೆ ಹಿಂದಿರುಗುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ ತೊಡಕು ಬೇರೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದರಿಂದ ತಾಣದಲ್ಲಿ ಯಾವ ವಿಳಾಸವೂ 404 ಎಂದು ಉತ್ತರಿಸುವುದಿಲ್ಲ. ಹೊಸ ಲೇಖನದೊಳಗೆ ಕೊಂಡಿಯೊಂದರ ಅಕ್ಷರ ತಪ್ಪಿದ್ದರೂ ಅದು ಸರ್ವರ್ ಲಾಗ್‌ನಲ್ಲಿ (ಸರ್ವರಿಗೆ ಬಂದ ಕೋರಿಕೆಗಳ ದಾಖಲೆಯಲ್ಲಿ) ದೋಷವಾಗಿ ದಾಖಲಾಗುವುದಿಲ್ಲ. ಕೊಂಡಿಗಳನ್ನು ಪರೀಕ್ಷಿಸುವ ಉಪಕರಣಕ್ಕೂ ಅದು ಸರಿಯಾದ ಕೊಂಡಿಯಂತೆಯೇ ಕಾಣುತ್ತದೆ. ದೋಷವನ್ನು ಪತ್ತೆಹಚ್ಚುವ ದಾರಿಯನ್ನೇ ಪರಿಹಾರವು ಮುಚ್ಚಿಹಾಕಿತ್ತು.

ಪ್ಲಗಿನ್ ತೆಗೆದುಹಾಕಿದರೂ ತೊಂದರೆ ಮುಗಿಯಲಿಲ್ಲ. ಅದು ಕಳುಹಿಸುತ್ತಿದ್ದದ್ದೂ 301 ಸಂಕೇತವನ್ನೇ; 301 ಎಂದರೆ ಶಾಶ್ವತ ಬದಲಾವಣೆ ಎಂದು ಅರ್ಥವಾದುದರಿಂದ ಬ್ರೌಸರ್‌ಗಳು ಅದನ್ನು ನೆನಪಿಟ್ಟುಕೊಳ್ಳಬಲ್ಲವು. ಹಳೆಯ ವಿಳಾಸವನ್ನು ಸರಿಯಾದ ಹೊಸ ಲೇಖನಕ್ಕೆ ಜೋಡಿಸಿದ ಮೇಲೂ, ಹಿಂದೆ ಒಮ್ಮೆ ಬಂದುಹೋಗಿದ್ದ ಕೆಲವರ ಬ್ರೌಸರ್‌ಗಳು ಸರ್ವರನ್ನು ಮತ್ತೆ ಕೇಳದೆ ನೇರವಾಗಿ ಮುಖಪುಟಕ್ಕೇ ಹೋಗುತ್ತಿದ್ದವು. ಅವರ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ನೆನಪು) ಅಳಿಯುವವರೆಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ವಿಶೇಷ 404 ಪುಟ ಓದುಗರಿಗೆ ಒಳ್ಳೆಯದು, ಮತ್ತು ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಇದರಲ್ಲಿ ನೋಡಬೇಕಾದದ್ದು ಪುಟದ ಅಂದಕ್ಕಿಂತ ಅದರ ಜೊತೆ ಹೋಗುವ ಸಂಕೇತವನ್ನು. ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ, ದೋಷ ಬಂದಾಗ ಯಾವ ಪುಟ ತೋರಿಸಬೇಕೆಂದು ಹೇಳುವ ‘ಎರರ್‌ಡಾಕ್ಯುಮೆಂಟ್’ ಸಾಲಿಗೆ ಓರೆಗೆರೆಯಿಂದ ಆರಂಭವಾಗುವ ಸ್ಥಳೀಯ ದಾರಿಯನ್ನು ಕೊಟ್ಟರೆ 404 ಸಂಕೇತ ಉಳಿಯುತ್ತದೆ. ಪೂರ್ಣ ವಿಳಾಸವನ್ನು ಕೊಟ್ಟರೆ ಅಪಾಚೆ ರೀಡೈರೆಕ್ಟ್ ಮಾಡುತ್ತದೆ. ಆಗ ‘ಪುಟ ಸಿಗಲಿಲ್ಲ’ ಎಂದು ಪರದೆಯ ಮೇಲೆ ಕಂಡರೂ ಹುಡುಕುಯಂತ್ರಕ್ಕೆ ಕೊನೆಗೆ ತಲುಪುವುದು ಎಲ್ಲ ಸರಿಯಿದೆ ಎನ್ನುವ 200 ಸಂಕೇತ. ಬ್ರೌಸರ್‌ನ ಡೆವಲಪರ್ ಉಪಕರಣಗಳಲ್ಲಿರುವ ನೆಟ್‌ವರ್ಕ್ ವಿಭಾಗವನ್ನು ತೆರೆದು ನೋಡಿದರೆ ಇದು ಕೂಡಲೇ ತಿಳಿಯುತ್ತದೆ.

410 ಎಂದರೆ ಪುಟವನ್ನು ಬೇಕೆಂದೇ ತೆಗೆಯಲಾಗಿದೆ ಎಂದು ಹೇಳುವುದು. ಗೂಗಲ್ ಇದನ್ನೂ 404 ಅನ್ನೂ ಹೆಚ್ಚುಕಡಿಮೆ ಒಂದೇ ರೀತಿ ನಡೆಸಿಕೊಳ್ಳುವುದರಿಂದ ಇದಕ್ಕಾಗಿ ಪ್ರತ್ಯೇಕ ಶ್ರಮ ಪಡಬೇಕೆಂದು ನನಗೆ ಅನ್ನಿಸಲಿಲ್ಲ.

ಪುಟಕ್ಕೆ ಪುಟ ಹೊಂದಿಸುವುದು ನಿಧಾನದ ಕೆಲಸ, ಆದರೆ ಹುಡುಕಾಟದಲ್ಲಿ ಹಳೆಯ ಲೇಖನಗಳ ಜಾಗಕ್ಕೆ ಹೊಸ ವಿಳಾಸಗಳು ಬಂದು ನಿಂತದ್ದು ಇದರಿಂದಲೇ. ಸರ್ಚ್ ಕನ್ಸೋಲ್‌ನ ಪಟ್ಟಿಯನ್ನೂ ಸರ್ವರ್ ಲಾಗನ್ನೂ ಎದುರುಬದುರು ಇಟ್ಟುಕೊಂಡು, ಹೊರಗಿನಿಂದ ಕೊಂಡಿಯಿರುವ ಅಥವಾ ಓದುಗರು ಈಗಲೂ ಬರುತ್ತಿರುವ ವಿಳಾಸಗಳನ್ನು ಮೊದಲು ಆರಿಸಿದೆ. ಅದೇ ವಿಷಯದ ಪುಟವಿದ್ದರೆ ಮಾತ್ರ ಜೋಡಿಸಿದೆ; ಇಲ್ಲದಿದ್ದರೆ 404 ಇರಲಿ ಎಂದು ಬಿಟ್ಟೆ, ಏಕೆಂದರೆ ಕೆಲವು ಪುಟಗಳು 404 ಎಂದ ಮಾತ್ರಕ್ಕೆ ತಾಣದ ಉಳಿದ ಪುಟಗಳ ಸ್ಥಾನ ಕುಸಿಯುವುದಿಲ್ಲವೆಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ರೀಡೈರೆಕ್ಟ್‌ಗಳನ್ನು ಕನಿಷ್ಠ 1 ವರ್ಷ ಉಳಿಸಬೇಕೆಂಬುದೂ ಅದರದೇ ಸಲಹೆ. ಗೂಗಲ್‌ಗಾಗಿ ಪುಟಗಳನ್ನು ಓದುವ ಗೂಗಲ್‌ಬಾಟ್, ಒಂದರಿಂದ ಇನ್ನೊಂದಕ್ಕೆ ಕಳುಹಿಸುವ ರೀಡೈರೆಕ್ಟ್‌ಗಳ ಸರಣಿಯಲ್ಲಿ 10 ಹೆಜ್ಜೆಗಳವರೆಗೆ ಹಿಂಬಾಲಿಸಬಲ್ಲದಾದರೂ ನಾನು ಪ್ರತಿ ಹಳೆಯ ವಿಳಾಸವನ್ನೂ ನೇರವಾಗಿ ಕೊನೆಯ ಪುಟಕ್ಕೇ ಜೋಡಿಸುತ್ತೇನೆ.

ಕನ್ನಡ ಅಕ್ಷರಗಳಿರುವ ವಿಳಾಸಗಳಿಗೆ ಮಾತ್ರ ಒಂದು ಎಚ್ಚರಿಕೆ ಬೇಕು. ನಕಲು ಮಾಡಿಕೊಂಡಾಗ ಅವು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಬರುತ್ತವೆ. ಅಪಾಚೆಯ ‘ರೀಡೈರೆಕ್ಟ್’ ನಿಯಮವು ಆ ಚಿಹ್ನೆಗಳನ್ನು ಅಕ್ಷರಗಳಾಗಿ ಬಿಡಿಸಿದ ರೂಪದೊಂದಿಗೆ ಹೋಲಿಸುವುದರಿಂದ, ಹಳೆಯ ವಿಳಾಸವನ್ನು ಕನ್ನಡದಲ್ಲೇ ಬರೆದು, ನಿಯಮಗಳಿರುವ ಕಡತವನ್ನು ಕನ್ನಡ ಅಕ್ಷರಗಳನ್ನು ಹಿಡಿದಿಡಬಲ್ಲ ಯುಟಿಎಫ್-8 ರೂಪದಲ್ಲಿ ಉಳಿಸಬೇಕು.

ನನ್ನದು ಕೆಲವೇ ನೂರು ಲೇಖನಗಳ ತಾಣ. ವಾರಕ್ಕೊಮ್ಮೆ ಲಾಗ್ ಓದುವ ಅಭ್ಯಾಸವಿದೆ, ಪ್ಲಗಿನ್‌ಗೆ ವರ್ಷವರ್ಷವೂ ಚಂದಾ ಕಟ್ಟುವ ಮನಸ್ಸಿಲ್ಲ. ಆದ್ದರಿಂದ ಕೈಯಿಂದ ಬರೆಯುವ ಪಟ್ಟಿಯೇ ನನಗೆ ಸಾಕಾಗಿದೆ. ಸಾವಿರಾರು ಪುಟಗಳಿದ್ದು, ಹಳೆಯ ಮತ್ತು ಹೊಸ ವಿಳಾಸಗಳ ನಡುವೆ ಒಂದು ಕ್ರಮವಿರುವವರು ಒಂದೇ ಸಾಲಿನಲ್ಲಿ ಹಲವು ವಿಳಾಸಗಳಿಗೆ ಹೊಂದುವ, ಅಪಾಚೆಯ ‘ರೀಡೈರೆಕ್ಟ್‌ಮ್ಯಾಚ್’ನಂಥ ಮಾದರಿ ನಿಯಮ ಬರೆಯುವುದು ಸುಲಭ. ಪ್ಲಗಿನ್ ಬೇಕೇಬೇಕು ಎನ್ನುವವರು 404ಗಳನ್ನು ದಾಖಲಿಸಿ, ಪ್ರತಿಯೊಂದಕ್ಕೂ ಬೇರೆ ಗುರಿಯನ್ನು ಕೊಡಲು ಬಿಡುವಂಥದ್ದನ್ನು ಆರಿಸಿಕೊಳ್ಳಲಿ.